ಹುಲ್ಲುಹಾಸಿನ ಪಟ್ಟೆಯೂ ರೋಬೋಟಿನ ಪಾಡೂ



ಪ್ರತಿ ವರ್ಷ ಜೂನ್ ಮುಗಿದು ಜುಲೈ ಕಾಲಿಡುವ ಹೊತ್ತಿಗೆ ಟಿವಿಯಲ್ಲಿ ವಿಂಬಲ್ಡನ್ ಬರುತ್ತದೆ. ಟೆನಿಸ್ಸಿನ ಗಂಧಗಾಳಿ ಇಲ್ಲದವರೂ ಚಾನೆಲ್ ಬದಲಿಸುವ ಮುಂಚೆ ಆ ಹುಲ್ಲನ್ನು ಒಂದು ಗಳಿಗೆ ನೋಡುತ್ತಾರೆ. ಒಂದು ತಿಳಿ ಹಸಿರು ಪಟ್ಟೆ, ಪಕ್ಕದಲ್ಲಿ ಒಂದು ಕಡು ಹಸಿರು ಪಟ್ಟೆ, ಮತ್ತೆ ತಿಳಿ, ಮತ್ತೆ ಕಡು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅಲ್ಲಿ ಡಬಲ್ಸ್ ಸೆಮಿಫೈನಲ್ ಆಡುತ್ತಿದ್ದಾಗ ಮನೆಮಂದಿಯೆಲ್ಲ ಪಾಯಿಂಟ್ ಲೆಕ್ಕ ಹಾಕುತ್ತಿದ್ದರೆ ನಾನು ಪಟ್ಟೆ ಎಣಿಸುತ್ತಿದ್ದೆ. ಇವತ್ತಿನ ನನ್ನ ಮಾತು ಆ ಪಟ್ಟೆಗಳ ಬಗ್ಗೆ. ಜೊತೆಗೆ, ಹುಲ್ಲನ್ನು ಚೊಕ್ಕವಾಗಿ ಕತ್ತರಿಸಿಯೂ ಪಟ್ಟೆ ಮೂಡಿಸಲು ಬಾರದೆ ಯಜಮಾನರಿಂದ ಬೈಸಿಕೊಳ್ಳುತ್ತಿರುವ ಒಂದು ಯಂತ್ರದ ಬಗ್ಗೆ.

ಈ ಪಟ್ಟೆ ಹೇಗೆ ಬರುತ್ತದೆಂದು ಯಾರನ್ನು ಕೇಳಿದರೂ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಎರಡು ಜಾತಿಯ ಹುಲ್ಲು ಬಿತ್ತಿರಬೇಕು ಅನ್ನುತ್ತಾರೆ. ಒಂದು ಸಾಲನ್ನು ಗಿಡ್ಡ, ಇನ್ನೊಂದನ್ನು ಉದ್ದ ಬಿಟ್ಟಿರಬೇಕು ಅನ್ನುತ್ತಾರೆ. ಬಣ್ಣ ಹೊಡೆದಿದ್ದಾರೆ ಅನ್ನುವವರೂ ಇದ್ದಾರೆ. ಮೂರೂ ತಪ್ಪು. ವಿಂಬಲ್ಡನ್ನಿನ ಅಂಕಣಗಳಲ್ಲಿ 2001ರಿಂದ ಇರುವುದು ಒಂದೇ ಹುಲ್ಲು, ಬಹುವಾರ್ಷಿಕ ರೈ ಹುಲ್ಲು. ಎತ್ತರವೂ ಒಂದೇ, ಪಂದ್ಯಗಳ ದಿನ 8 ಮಿಲಿಮೀಟರ್. ವ್ಯತ್ಯಾಸವಿರುವುದು ಎಲೆ ಯಾವ ಕಡೆಗೆ ವಾಲಿದೆ ಎಂಬುದರಲ್ಲಿ. ಯಂತ್ರ ನಿಮ್ಮಿಂದ ದೂರ ಹೋದ ಸಾಲಿನಲ್ಲಿ ಎಲೆಗಳು ಆಚೆಗೆ ಬಾಗಿರುತ್ತವೆ. ಎಲೆಯ ಅಗಲವಾದ ಮೈಮೇಲೆ ಬಿದ್ದ ಬೆಳಕು ನಿಮ್ಮ ಕಣ್ಣಿಗೆ ಬರುತ್ತದೆ, ಸಾಲು ತಿಳಿಯಾಗಿ ಕಾಣುತ್ತದೆ. ಯಂತ್ರ ನಿಮ್ಮ ಕಡೆಗೆ ಬಂದ ಸಾಲಿನಲ್ಲಿ ಎಲೆಯ ತುದಿಗಳು ನಿಮ್ಮತ್ತ ಮುಖ ಮಾಡಿರುತ್ತವೆ. ಬೆಳಕು ಕಡಿಮೆ, ತುದಿಗಳ ಕೆಳಗಿನ ನೆರಳು ಬೇರೆ, ಹಾಗಾಗಿ ಆ ಸಾಲು ಕಡು. ಮಖಮಲ್ ಬಟ್ಟೆಯ ಮೇಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೈಯಾಡಿಸಿದರೆ ಆಗುವುದೂ ಇದೇ. ಈಗ ಅಂಗಳದ ಇನ್ನೊಂದು ತುದಿಗೆ ಹೋಗಿ ನಿಂತರೆ ತಿಳಿಯಾಗಿದ್ದದ್ದು ಕಡುವಾಗಿ, ಕಡುವಾಗಿದ್ದದ್ದು ತಿಳಿಯಾಗಿ ಕಾಣುತ್ತದೆ. ಪಟ್ಟೆಗಳಿಗೆ ಅಡ್ಡಲಾಗಿ ನಿಂತು ನೋಡಿದರೆ ಮಸುಕಾಗಿ, ಪಟ್ಟೆ ಇದೆಯೋ ಇಲ್ಲವೋ ಅನ್ನಿಸುತ್ತದೆ.

ಎಲೆಯನ್ನು ಬಾಗಿಸುವುದು ಅಲಗಿನಿಂದ ಆಗುವ ಕೆಲಸವಲ್ಲ. ಅದು ಅಲಗಿನ ಹಿಂದೆ ಉರುಳುವ ರೋಲರಿನ ಕೆಲಸ. ಈ ರೋಲರ್ ಎಲ್ಲಿಂದ ಬಂತು ಎಂಬುದಕ್ಕೆ ಸೊಗಸಾದ ಕಥೆಯಿದೆ.

ಇಂಗ್ಲೆಂಡಿನ ಗ್ಲೌಸ್ಟರ್‌ಷೈರಿನಲ್ಲಿ ಸ್ಟ್ರೌಡ್ ಎಂಬ ಊರು. ಸುತ್ತಮುತ್ತ ಉಣ್ಣೆ ಬಟ್ಟೆಯ ಗಿರಣಿಗಳು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸವರಿ ಸಮ ಮಾಡಲು ಆ ಗಿರಣಿಗಳಲ್ಲಿ ಒಂದು ಯಂತ್ರವಿತ್ತು. ಸುರುಳಿಯಾಗಿ ಅಲಗು ಸುತ್ತಿದ ಉರುಳೆ ಗಿರಗಿರನೆ ತಿರುಗಿ ಎಳೆಗಳ ತುದಿಯನ್ನಷ್ಟೇ ಕತ್ತರಿಸುತ್ತಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಅದನ್ನು ನೋಡಿ, ಬಟ್ಟೆಗೆ ಆಗುವುದು ಹುಲ್ಲಿಗೆ ಯಾಕೆ ಆಗಬಾರದು ಎಂದುಕೊಂಡ. 1830ರಲ್ಲಿ ಪೇಟೆಂಟ್ ಪಡೆದ. ಜಾನ್ ಫೆರಾಬಿ ಎಂಬ ಪಾಲುದಾರನ ಜೊತೆ ಸ್ಟ್ರೌಡ್ ಪಕ್ಕದ ಥ್ರಪ್ ಎಂಬಲ್ಲಿ ತಯಾರಿಕೆ ಶುರುವಾಯಿತು. ಬಡ್ಡಿಂಗನ ಯಂತ್ರಕ್ಕೆ ಎಂಜಿನ್ನಿಲ್ಲ. ಹಿಂದೊಂದು ಭಾರದ ಕಬ್ಬಿಣದ ರೋಲರ್. ಆಳು ತಳ್ಳಿದರೆ ಅದು ಉರುಳುತ್ತಿತ್ತು, ಹಲ್ಲಿನ ಚಕ್ರಗಳ ಮೂಲಕ ಮುಂದಿನ ಅಲಗಿನ ಉರುಳೆಯನ್ನು ತಿರುಗಿಸುತ್ತಿತ್ತು. ಅಂದರೆ ರೋಲರ್ ಇದ್ದದ್ದು ಅಲಗಿಗೆ ಶಕ್ತಿ ಕೊಡಲಿಕ್ಕೆ. ಪಟ್ಟೆ ಅದರ ಜೊತೆಗೆ ಪುಕ್ಕಟೆಯಾಗಿ ಬಂದ ಕೊಸರು. ಇನ್ನೂರು ವರ್ಷಗಳಿಂದ ಇಂಗ್ಲಿಷರು ಬೀಗುತ್ತಿರುವ ಅಂದವೊಂದು ಗೇರಿನ ಲೆಕ್ಕಾಚಾರದಲ್ಲಿ ಹುಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಅದಕ್ಕೆ ಮುಂಚೆ ಹುಲ್ಲು ಕೊಯ್ಯುತ್ತಿದ್ದದ್ದು ಉದ್ದ ಹಿಡಿಯ ಕುಡುಗೋಲಿನಿಂದ. ಇಬ್ಬನಿಯಿಂದ ನೆನೆದ ಹುಲ್ಲು ಅಲಗಿಗೆ ಚೆನ್ನಾಗಿ ಸಿಗುತ್ತದೆಂದು ಆಳುಗಳು ಬೆಳಕು ಹರಿಯುವಾಗಲೇ ಶುರುಮಾಡುತ್ತಿದ್ದರು. ಬಡ್ಡಿಂಗನ ಯಂತ್ರವನ್ನು ಮೊದಮೊದಲು ಕೊಂಡವರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯ ಒಂದು. ಆರೆಂಟು ಆಳುಗಳ ಕೆಲಸ ಮಾಡುತ್ತದೆಂದು ಅಲ್ಲಿನ ಮೇಸ್ತ್ರಿ ಸರ್ಟಿಫಿಕೇಟ್ ಕೊಟ್ಟಿದ್ದ. ಆ ಆರೆಂಟು ಆಳುಗಳು ಏನೆಂದರೋ ಯಾರೂ ಬರೆದಿಟ್ಟಂತಿಲ್ಲ. ಇನ್ನೊಂದು ತಮಾಷೆಯಿದೆ. ಈ ಯಂತ್ರವನ್ನು ಶ್ರೀಮಂತರು ತಾವೇ ತಳ್ಳಿದರೆ ಮನಸ್ಸಿಗೆ ವಿನೋದ, ಮೈಗೆ ವ್ಯಾಯಾಮ ಎಂಬರ್ಥದ ಮಾತು ಬಡ್ಡಿಂಗನ ಪೇಟೆಂಟಿನಲ್ಲೇ ಇದೆ. ಇವತ್ತು ಅದೇ ಯಂತ್ರದ ಮೊಮ್ಮಗನನ್ನು ಮಾರುವವರು, ನೀವು ಕುರ್ಚಿಯಿಂದ ಏಳಬೇಕಾಗಿಲ್ಲ ಎಂದು ಜಾಹೀರಾತು ಕೊಡುತ್ತಾರೆ!

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ದೊಡ್ಡ ತೋಟಗಳಲ್ಲಿ ಯಂತ್ರಕ್ಕೆ ಕುದುರೆ ಕಟ್ಟಿದರು. ಗೊರಸಿನ ಗುರುತು ಬೀಳದಿರಲಿ ಎಂದು ಕುದುರೆಯ ಕಾಲಿಗೆ ಚರ್ಮದ ಬೂಟು ತೊಡಿಸಿದರು. 1890ರ ದಶಕದಲ್ಲಿ ಉಗಿಯಂತ್ರದ್ದು ಬಂತು. 1902ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನ್ನಿನದನ್ನು ಮಾರಾಟಕ್ಕಿಟ್ಟಿತು. ರೋಲರ್ ಮಾತ್ರ ಹಿಂದೆಯೇ ಉಳಿಯಿತು, ಪಟ್ಟೆಯೂ ಉಳಿಯಿತು. ಫುಟ್‌ಬಾಲ್ ಮೈದಾನದಲ್ಲಿ ಅಡ್ಡಡ್ಡ ಪಟ್ಟೆಗಳಿದ್ದರೆ ಆಫ್‌ಸೈಡ್ ಗುರುತಿಸಲು ಲೈನ್ಸ್‌ಮನ್‌ಗೆ ಅನುಕೂಲ ಎಂಬ ಉಪಯೋಗವೂ ಹುಟ್ಟಿಕೊಂಡಿತು. ಕೆಲವು ಮೈದಾನದ ಮೇಸ್ತ್ರಿಗಳು ಅಷ್ಟಕ್ಕೇ ನಿಲ್ಲದೆ ಕಲಾವಿದರಾದರು. ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡದ ಜಾನ್ ಲೆಡ್ವಿಜ್ ಹುಲ್ಲಿನ ಮೇಲೆ ವೃತ್ತ, ವಜ್ರ, ಕಿರಣಗಳನ್ನೆಲ್ಲ ಮೂಡಿಸಿ ಹೆಸರಾದರು. ಕೊನೆಗೆ ಪ್ರೀಮಿಯರ್ ಲೀಗ್ 2017ರಲ್ಲಿ, ನೇರ ಪಟ್ಟೆಗಳಷ್ಟೇ ಸಾಕು, ಚಿತ್ತಾರ ಬೇಡ ಎಂದು ನಿಯಮ ಮಾಡಬೇಕಾಯಿತು. ರಂಗೋಲಿಗೆ ನಿಷೇಧ!

ಈಗ ರೋಬೋಟಿಗೆ ಬರೋಣ.

ತಾನಾಗಿ ಹುಲ್ಲು ಕತ್ತರಿಸುವ ಯಂತ್ರ ಮಾಡುವ ಆಸೆ ಹೊಸದಲ್ಲ. 1969ರಲ್ಲೇ ಅಮೆರಿಕದಲ್ಲಿ ಮೋಬಾಟ್ ಎಂಬುದೊಂದು 795 ಡಾಲರ್ ಬೆಲೆಗೆ ಬಂದಿತ್ತು. ಆದರೆ ಈ ವ್ಯಾಪಾರ ಗಟ್ಟಿಯಾದದ್ದು ಸ್ವೀಡನ್ನಿನ ಹುಸ್ಕ್ವರ್ನಾ ಕಂಪನಿಯಿಂದ. 1689ರಲ್ಲಿ ರಾಜನ ಸೈನ್ಯಕ್ಕೆ ಕೋವಿ ಮಾಡಿಕೊಡಲು ಹುಟ್ಟಿದ ಕಾರ್ಖಾನೆ ಅದು. ಕೋವಿಯಿಂದ ಹೊಲಿಗೆ ಯಂತ್ರಕ್ಕೆ, ಮೋಟಾರ್ ಸೈಕಲ್ಲಿಗೆ, ಮರ ಕೊಯ್ಯುವ ಗರಗಸಕ್ಕೆ ಬಂದು 1995ರಲ್ಲಿ ಸೌರಶಕ್ತಿಯಿಂದ ಓಡಾಡುವ ಹುಲ್ಲಿನ ಯಂತ್ರ ತಂದಿತು. ಆಮೇಲೆ ಬ್ಯಾಟರಿಯದು ಬಂತು. ಅದರ ಬುದ್ಧಿ ಬಹಳ ಸರಳ. ಹುಲ್ಲುಹಾಸಿನ ಅಂಚಿನುದ್ದಕ್ಕೂ ಒಂದು ತಂತಿ ಹೂಳಬೇಕು. ತಂತಿಯಲ್ಲಿ ಸಣ್ಣದೊಂದು ಸಂಕೇತ ಹರಿಯುತ್ತಿರುತ್ತದೆ. ಯಂತ್ರ ನೇರ ಹೋಗುತ್ತದೆ, ತಂತಿಯ ಹತ್ತಿರ ಬಂದರೆ ನಿಲ್ಲುತ್ತದೆ, ಮನಸ್ಸಿಗೆ ಬಂದ ಕೋನದಲ್ಲಿ ತಿರುಗಿ ಮತ್ತೆ ಹೊರಡುತ್ತದೆ. ಎಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ, ಎಲ್ಲಿ ಕತ್ತರಿಸಿ ಆಯಿತು ಎಂಬ ನೆನಪೂ ಇಲ್ಲ. ದಿನಗಟ್ಟಲೆ ಅಡ್ಡಾದಿಡ್ಡಿ ಓಡಾಡಿದರೆ ಎಲ್ಲ ಜಾಗವೂ ಒಂದಲ್ಲ ಒಂದು ಸಲ ಅಲಗಿನ ಕೆಳಗೆ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತದೆ. ನಂಬಿಕೆ ಹುಸಿಯಾಗಲಿಲ್ಲ. ಅಂಗಳದ ಆಕಾರ ಸ್ವಲ್ಪ ಸೊಟ್ಟಗಿದ್ದರೂ ಅದು ಮುಗಿಸುತ್ತದೆ.

ಈ ಕುರುಡು ತಿರುಗಾಟದಲ್ಲಿ ಒಂದು ಜಾಣತನವೂ ಇತ್ತು. ಒಂದೇ ದಾರಿಯಲ್ಲಿ ದಿನಾ ಚಕ್ರ ಓಡಿದರೆ ನೆಲದಲ್ಲಿ ಗಾಡಿಜಾಡು ಬೀಳುತ್ತದೆ. ದಾರಿಯೇ ಇಲ್ಲದಿದ್ದರೆ ಜಾಡೂ ಇಲ್ಲ. ರತ್ನಗಂಬಳಿ ಹಾಸಿದಂತಹ, ಯಾವ ಗುರುತೂ ಇಲ್ಲದ ಹುಲ್ಲು ನಮ್ಮ ಯಂತ್ರದ ಹೆಚ್ಚುಗಾರಿಕೆ ಎಂದೇ ಮಾರಿದರು. ಇನ್ನು ಕತ್ತರಿಸುವ ಬಗೆ. ರೋಬೋಟಿಗಿರುವುದು ತಿರುಗುವ ತಟ್ಟೆಯೊಂದಕ್ಕೆ ಸಡಿಲವಾಗಿ ಸಿಕ್ಕಿಸಿದ, ಕ್ಷೌರದ ಬ್ಲೇಡಿನಷ್ಟು ತೆಳ್ಳಗಿನ ಪುಟ್ಟ ಅಲಗುಗಳು. ವಾರಕ್ಕೊಮ್ಮೆ ಗುಡ್ಡೆಗಟ್ಟಲೆ ಕೊಯ್ಯುವ ಬದಲು ದಿನಾ ಕೆಲವೇ ಮಿಲಿಮೀಟರ್ ಸವರುತ್ತದೆ. ಆ ಚೂರುಗಳು ಬುಡಕ್ಕೆ ಉದುರಿ ಕೊಳೆತು ಸಾರಜನಕವನ್ನು ಮಣ್ಣಿಗೆ ವಾಪಸು ಕೊಡುತ್ತವೆ. ಒಂದೇ ಸಲ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ ಎಂದು ತೋಟಗಾರಿಕೆಯವರು ಹೇಳುತ್ತಲೇ ಇರುತ್ತಾರೆ. ಅದನ್ನು ಚಾಚೂ ತಪ್ಪದೆ ಪಾಲಿಸುವ ಮಾಲಿ ಇದೊಬ್ಬನೇ. ಹುಲ್ಲಿನ ಆರೋಗ್ಯವೇ ಮುಖ್ಯವೆಂದರೆ ರೋಬೋಟಿಗೆ ಪೂರ್ತಿ ಅಂಕ ಕೊಡಬೇಕು.

ಆದರೆ ಕೊಳ್ಳುವವರಿಗೆ ಅಷ್ಟು ಸಾಲದು. ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಹೊಸ ರೋಬೋಟ್ ತಂದ ಸಂಭ್ರಮದಲ್ಲಿ ವಿಡಿಯೋ ಕಾಲ್ ಮಾಡಿ ಹಿತ್ತಲು ತೋರಿಸಿದ. "ಚೆನ್ನಾಗಿದೆಯಲ್ಲೋ" ಅಂದೆ. "ಏನು ಚೆನ್ನಾಗಿದೆ ಮಾವ, ಪಕ್ಕದ ಮನೆ ಮುದುಕರು ಎಪ್ಪತ್ತು ದಾಟಿದರೂ ತಾವೇ ತಳ್ಳಿಕೊಂಡು ಎಷ್ಟು ಚೆಂದ ಪಟ್ಟೆ ತೆಗೀತಾರೆ. ನಂದು ನೋಡಿ, ಬೋಳು" ಎಂದ. ಅವನ ಹುಲ್ಲು ಪಕ್ಕದ ಮನೆಯದಕ್ಕಿಂತ ದಟ್ಟವಾಗಿಯೇ ಇತ್ತು. ಅವನ ಕಣ್ಣಿಗೆ ಅದು ಬೀಳಲಿಲ್ಲ. ಪಟ್ಟೆಯೆಂದರೆ ಯಾರೋ ಒಬ್ಬರು ಈ ತುದಿಯಿಂದ ಆ ತುದಿಗೆ ಗಮನವಿಟ್ಟು ನಡೆದಿದ್ದಾರೆ ಎಂಬುದಕ್ಕೆ ಸಾಕ್ಷಿ. ಆಳನ್ನು ಬಿಡಿಸಿದ ಮೇಲೂ ಆಳು ದುಡಿದ ಗುರುತು ಬೇಕು ಎಂಬ ಈ ಹಟವೇ ಕಳೆದ ಕೆಲವು ವರ್ಷಗಳಿಂದ ರೋಬೋಟ್ ಕಂಪನಿಗಳನ್ನು ಓಡಿಸುತ್ತಿದೆ.

ನೇರ ಸಾಲಿನಲ್ಲಿ ಹೋಗಬೇಕಾದರೆ ಯಂತ್ರಕ್ಕೆ ತಾನಿರುವ ಜಾಗ ಗೊತ್ತಿರಬೇಕು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಕಾರಿಗೆ ಅದು ಸಾಕು, ಹುಲ್ಲಿಗೆ ಸಾಲದು. ಕೆಲವು ಮೀಟರ್ ತಪ್ಪಿದರೆ ಗುಲಾಬಿ ಗಿಡ ಹೋಯಿತು. ಇದಕ್ಕೆ ಭೂಮಾಪನದವರು ಬಳಸುತ್ತಿದ್ದ ಆರ್‌ಟಿಕೆ ಎಂಬ ಉಪಾಯವನ್ನು ತಂದರು. ಅಂಗಳದಲ್ಲಿ ಒಂದು ಕಂಬ ನೆಟ್ಟು ಅದರ ತುದಿಗೆ ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್ ಕೂರಿಸುತ್ತಾರೆ. ಕಂಬ ಅಲುಗುವುದಿಲ್ಲ, ಅದರ ಜಾಗ ಖಚಿತ. ಉಪಗ್ರಹದ ಲೆಕ್ಕ ಆ ಜಾಗಕ್ಕಿಂತ ಈ ಕ್ಷಣ ಎಷ್ಟು ತಪ್ಪಿದೆ ಎಂದು ಕಂಬ ನೋಡಿ ಯಂತ್ರಕ್ಕೆ ತಿಳಿಸುತ್ತದೆ. ಯಂತ್ರ ತನ್ನ ಲೆಕ್ಕದಲ್ಲೂ ಅಷ್ಟನ್ನು ಸರಿಮಾಡಿಕೊಳ್ಳುತ್ತದೆ. ತಪ್ಪು ಎರಡು ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ಹೂತ ತಂತಿ ಬೇಡವಾಯಿತು, ಸಾಲು ನೇರವಾಯಿತು. ದೊಡ್ಡ ಮರ, ಎತ್ತರದ ಗೋಡೆ ಆಕಾಶವನ್ನು ಮುಚ್ಚಿದರೆ ಮಾತ್ರ ಯಂತ್ರ ದಾರಿ ತಪ್ಪುತ್ತದೆ. ಅದಕ್ಕೆಂದು ಈಚಿನವುಗಳಿಗೆ ಕ್ಯಾಮೆರಾ, ಲೇಸರ್ ಕಣ್ಣುಗಳನ್ನೂ ಜೋಡಿಸುತ್ತಿದ್ದಾರೆ.

ಬಾನುಲಿಯಲ್ಲಿ ಮಾತಾಡುತ್ತಿರುವುದರಿಂದ ಇಲ್ಲಿ ಒಂದು ಉಪಕಥೆ ಹೇಳದೆ ಮುಂದೆ ಹೋಗಲಾರೆ. ನೆಲ ಗುಡಿಸುವ ರೋಬೋಟಿಗೆ ಹೆಸರಾದ ಅಮೆರಿಕದ ಐರೋಬಾಟ್ ಕಂಪನಿ ಹುಲ್ಲಿನ ರೋಬೋಟನ್ನೂ ಮಾಡಲು ಹೊರಟಿತು. ಅಂಗಳದ ಸುತ್ತ ಗೂಟಗಳನ್ನು ನೆಟ್ಟು, ಅವು ಹೊಮ್ಮಿಸುವ ರೇಡಿಯೋ ಸಂಕೇತದಿಂದ ದಾರಿ ಕಂಡುಕೊಳ್ಳುವುದು ಅದರ ಯೋಜನೆ. ಬಳಸಬೇಕೆಂದಿದ್ದ ಆವರ್ತನ 6.24ರಿಂದ 6.74 ಗಿಗಾಹರ್ಟ್ಸ್. ರೇಡಿಯೋ ಖಗೋಳ ವಿಜ್ಞಾನಿಗಳು ಗಾಬರಿಯಾದರು. ಬಾಹ್ಯಾಕಾಶದಲ್ಲಿ ಹೊಸ ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ಮೆಥನಾಲ್ ಅಣುಗಳಿರುತ್ತವೆ; ಅವು ಸೂಸುವ ತರಂಗ 6.66 ಗಿಗಾಹರ್ಟ್ಸ್ ಆಸುಪಾಸಿನದು. ಸಾವಿರಾರು ಜ್ಯೋತಿರ್ವರ್ಷ ದಾಟಿ ಬಂದ ಆ ಕ್ಷೀಣ ದನಿಯನ್ನು ಯಾರದೋ ಹಿತ್ತಲಿನ ಹುಲ್ಲಿನ ಯಂತ್ರ ಮುಳುಗಿಸಿಬಿಟ್ಟರೆ? ದೂರದರ್ಶಕಗಳ ಸುತ್ತ 55 ಮೈಲಿ ಇದು ಓಡಬಾರದು ಎಂದು ಅವರು ಪಟ್ಟು ಹಿಡಿದರು. 2015ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕಂಪನಿಗೇ ಅನುಮತಿ ಕೊಟ್ಟಿತು. 2019ರಲ್ಲಿ ಕಂಪನಿ ಯಂತ್ರವನ್ನು ಘೋಷಿಸಿತು, 2020ರಲ್ಲಿ ಯೋಜನೆಯನ್ನೇ ಬದಿಗಿಟ್ಟಿತು. ನಕ್ಷತ್ರಗಳು ಕೇಸು ಸೋತೂ ಗೆದ್ದವು.

ಸರಿ, ಯಂತ್ರ ಈಗ ನೇರ ಸಾಲಿನಲ್ಲಿ ಹೋಗಿ ಬರುತ್ತದೆ. ಪಟ್ಟೆ ಬಂತೇ? ಬಂತು, ಆದರೆ ಮಸುಕು. ತಪ್ಪು ಉಪಗ್ರಹದ್ದಲ್ಲ, ತೂಕದ್ದು. ಮನೆಬಳಕೆಯ ರೋಬೋಟಿನ ತೂಕ ಸಾಮಾನ್ಯವಾಗಿ ಹತ್ತು ಹದಿನೈದು ಕಿಲೊ. ರೋಲರಿರುವ ಎಂಜಿನ್ನಿನ ಯಂತ್ರ ಅದರ ಹಲವು ಪಟ್ಟು ಭಾರ. ಎಲೆಯನ್ನು ಒತ್ತಿ ಮಲಗಿಸಲು ರೋಬೋಟಿಗೆ ಮೈಯೂ ಇಲ್ಲ, ರೋಲರೂ ಇಲ್ಲ. ಚಕ್ರದ ಕೆಳಗೆ ಸಿಕ್ಕಿದ ಎಲೆಯಷ್ಟೇ ಬಾಗುತ್ತದೆ. ಎರಡನೆಯ ತೊಡಕು ಅಗಲದ್ದು. ಅನೇಕ ರೋಬೋಟುಗಳ ಅಲಗಿನ ಹರವು ಒಂದು ಗೇಣು, ಹೆಚ್ಚೆಂದರೆ ಎರಡು. ಹೋದ ಸಾಲು ಒಂದು ಪಟ್ಟೆ, ಬಂದ ಸಾಲು ಇನ್ನೊಂದು ಪಟ್ಟೆ ಅಂದರೆ ಪಟ್ಟೆಗಳು ಗೇಣಗಲ. ಸ್ವಲ್ಪ ದೂರ ನಿಂತರೆ ಎರಡೂ ಬೆರೆತು ಒಂದೇ ಹಸಿರು.

ಹಾಗಾದರೆ ರೋಬೋಟಿನಿಂದ ಪಟ್ಟೆ ಸಾಧ್ಯವೇ ಇಲ್ಲವೇ ಎಂದರೆ, ತಾಳ್ಮೆಯಿದ್ದರೆ ಸಾಧ್ಯ. ಹುಲ್ಲನ್ನು ತೀರ ಗಿಡ್ಡ ಮಾಡಿಸಬೇಡಿ; ಎಲೆ ಐದಾರು ಸೆಂಟಿಮೀಟರ್ ಇದ್ದರೆ ಬಾಗಲು ಉದ್ದ ಸಿಗುತ್ತದೆ. ಪಟ್ಟೆಯ ದಿಕ್ಕನ್ನು ಮನೆಯ ಕಿಟಕಿಯಿಂದ ನೋಡಿ ನಿರ್ಧರಿಸಿ. ಕಿಟಕಿಯಿಂದ ಉದ್ದಕ್ಕೆ ಓಡುವ ಪಟ್ಟೆ ಎದ್ದು ಕಾಣುತ್ತದೆ, ಅಡ್ಡಕ್ಕೆ ಓಡುವುದು ಕಾಣುವುದಿಲ್ಲ. ಯಂತ್ರದ ಆ್ಯಪಿನಲ್ಲಿ ಅವಕಾಶವಿದ್ದರೆ ಪಕ್ಕಪಕ್ಕದ ಎರಡು ಮೂರು ಸಾಲುಗಳನ್ನು ಒಂದೇ ದಿಕ್ಕಿಗೆ ಓಡಿಸಿ, ಪಟ್ಟೆಯ ಅಗಲ ಹೆಚ್ಚುತ್ತದೆ. ರೋಬೋಟಿನ ಬಲವಿರುವುದು ಅದು ದಿನಾ ಬರುತ್ತದೆ ಎಂಬುದರಲ್ಲಿ. ಮಲಗಿದ ಎಲೆ ಒಂದೆರಡು ದಿನದಲ್ಲಿ ಏಳತೊಡಗುತ್ತದೆ; ಪಕ್ಕದ ಮನೆ ಮುದುಕರ ಪಟ್ಟೆ ವಾರದ ಕೊನೆಗೆ ಮಾಸುತ್ತದೆ; ರೋಬೋಟು ದಿನಾ ಅದೇ ದಿಕ್ಕಿಗೆ ಮೆಲ್ಲಗೆ ಸವರಿದರೆ ಎಲೆ ಆ ಕಡೆಗೇ ವಾಲಿ ಬೆಳೆಯುತ್ತದೆ. ಆದರೆ ಅದೇ ದಾರಿಯಲ್ಲಿ ತಿಂಗಳುಗಟ್ಟಲೆ ಓಡಿಸಿದರೆ, ಯಾವ ಜಾಡು ಬೀಳಬಾರದೆಂದು ಹಿಂದಿನವರು ಯಂತ್ರವನ್ನು ಕುರುಡಾಗಿಸಿದ್ದರೋ ಆ ಜಾಡು ಬೀಳುತ್ತದೆ, ವಿಶೇಷವಾಗಿ ಮಳೆಗಾಲದಲ್ಲಿ. ಆಗಾಗ ಕೋನ ಬದಲಿಸಬೇಕು, ಬದಲಿಸಿದರೆ ಹಳೆಯ ಪಟ್ಟೆ ಹೋಗುತ್ತದೆ. ಪಟ್ಟೆಯೂ ಬೇಕು, ನೆಲವೂ ಉಳಿಯಬೇಕು ಎನ್ನುವವರಿಗೆ ನನ್ನ ಶಿಫಾರಸು ಇಷ್ಟೆ: ವಾರವಿಡೀ ರೋಬೋಟ್ ಕತ್ತರಿಸಲಿ, ನೆಂಟರು ಬರುವ ಹಿಂದಿನ ದಿನ ನೀವೇ ಒಂದು ರೋಲರ್ ತಳ್ಳಿ. ಬಡ್ಡಿಂಗ್ ಹೇಳಿದ ವ್ಯಾಯಾಮವೂ ಆಗುತ್ತದೆ.

ನಮ್ಮೂರಿನಲ್ಲಿ ಇದನ್ನೆಲ್ಲ ಮಾಡಬಹುದೇ ಎಂದು ಕೆಲವರು ಕೇಳಬಹುದು. ಪಟ್ಟೆ ಚೆನ್ನಾಗಿ ಹಿಡಿಯುವುದು ರೈ ಹುಲ್ಲಿನಂಥ ಚಳಿಸೀಮೆಯ, ಮೆದು ಎಲೆಯ ಹುಲ್ಲುಗಳು. ನಮ್ಮ ಬಿಸಿಲಿಗೆ ಒಗ್ಗುವುದು ಗರಿಕೆಯ ಬಳಗ. ಅವರು ಬರ್ಮುಡಾ ಹುಲ್ಲು ಅನ್ನುವುದು ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ. ಅದರ ಎಲೆ ಗಿಡ್ಡ, ಬಿರುಸು, ನೆಲ ಹಿಡಿದು ಹಬ್ಬುವ ಜಾತಿ; ಹಗುರ ಯಂತ್ರಕ್ಕೆ ಬಗ್ಗುವುದಿಲ್ಲ. ಕ್ರಿಕೆಟ್ ಮೈದಾನದಲ್ಲಿ ಭಾರದ ರೋಲರ್ ಎಳೆದು ಪಟ್ಟೆ ತರುತ್ತಾರೆ, ನಿಜ. ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ರೋಬೋಟ್ ತರುವುದು ಬೇಡ.

ಕೊನೆಯದಾಗಿ ಒಂದು ಗಂಭೀರ ಸಂಗತಿ. ರೋಬೋಟ್ ಹೆಚ್ಚು ಸದ್ದು ಮಾಡುವುದಿಲ್ಲ, ಹಾಗಾಗಿ ಅನೇಕರು ಅದನ್ನು ರಾತ್ರಿ ಓಡಿಸುತ್ತಾರೆ. ಯುರೋಪಿನ ಹಿತ್ತಲುಗಳಲ್ಲಿ ರಾತ್ರಿ ಓಡಾಡುವ ಪ್ರಾಣಿಯೊಂದಿದೆ, ಹೆಡ್ಜ್‌ಹಾಗ್. ನಮ್ಮ ಮುಳ್ಳುಹಂದಿಯಷ್ಟು ದೊಡ್ಡದಲ್ಲ. ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಹುಳುಹುಪ್ಪಟೆ ತಿಂದು ತೋಟಕ್ಕೆ ಉಪಕಾರ ಮಾಡುತ್ತದೆ. ಅಪಾಯ ಬಂದರೆ ಓಡುವುದಿಲ್ಲ, ಅಲ್ಲೇ ಮುದುಡಿಕೊಳ್ಳುತ್ತದೆ. ನರಿಯೆದುರು ಈ ಉಪಾಯ ನಡೆಯುತ್ತದೆ, ಅಲಗಿನೆದುರು ನಡೆಯುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸೋಫಿ ಲುಂಡ್ ರಾಸ್ಮುಸ್ಸೆನ್ ಮತ್ತು ಸಂಗಡಿಗರು, ಬೇರೆ ಕಾರಣಗಳಿಂದ ಸತ್ತಿದ್ದ ಹೆಡ್ಜ್‌ಹಾಗ್‌ಗಳನ್ನಿಟ್ಟು 18 ರೋಬೋಟುಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಟ್ಟುವ ಮೊದಲೇ ಪ್ರಾಣಿಯನ್ನು ಗುರುತಿಸಿದ ಯಂತ್ರ ಒಂದೂ ಇರಲಿಲ್ಲ. 200 ಗ್ರಾಂಗಿಂತ ಹಗುರವಾದ ಮರಿಗಳನ್ನಂತೂ ಯಾವುದೂ ಗುರುತಿಸಲಿಲ್ಲ. ಜರ್ಮನಿಯ ಕಲೋನ್ ನಗರ 2024ರಲ್ಲಿ ರಾತ್ರಿ ರೋಬೋಟ್ ಓಡಿಸುವುದನ್ನು ನಿಷೇಧಿಸಿತು. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಘಟನೆ ಐಯುಸಿಎನ್ ಈ ಪ್ರಾಣಿಯನ್ನು ಅಪಾಯದ ಅಂಚಿಗೆ ಬಂದವುಗಳ ಪಟ್ಟಿಗೆ ಸೇರಿಸಿತು.

ಈ ಕಾರ್ಯಕ್ರಮ ಕೇಳುತ್ತಿರುವವರಲ್ಲಿ ಮಕ್ಕಳು, ಮೊಮ್ಮಕ್ಕಳು ಇಂಗ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್ ಕಡೆ ಮನೆ ಮಾಡಿಕೊಂಡಿರುವವರು ಖಂಡಿತ ಇದ್ದೀರಿ. ಭಾನುವಾರ ಫೋನಿನಲ್ಲಿ ಮಾತಾಡುವಾಗ, ಊಟ ಆಯಿತೇ ಎಂದು ಕೇಳಿದ ಮೇಲೆ ಇದೊಂದು ಮಾತನ್ನೂ ಹೇಳಿ. ಪಟ್ಟೆ ಬರಲಿ, ಬಿಡಲಿ, ರೋಬೋಟನ್ನು ಹಗಲು ಹೊತ್ತಿನಲ್ಲಿ ಮಾತ್ರ ಓಡಿಸಲಿ; ಸೂರ್ಯ ಮುಳುಗುವುದಕ್ಕೆ ಒಂದು ತಾಸು ಮುಂಚೆಯೇ ನಿಲ್ಲಿಸುವಂತೆ ಆ್ಯಪಿನಲ್ಲಿ ಇವತ್ತೇ ಹೊಂದಿಸಿಡಲಿ.